‘ಶುಗರ್ ಇದೆಯೆಂದು ಬರೆಯಲೇಬೇಕೇ ಡಾಕ್ಟ್ರೇ?’

ವೈದ್ಯನಾಗಿ ರೋಗಿಗಳನ್ನು ನೋಡುವುದರ ಜೊತೆಗೆ ಕೆಲವು ವರ್ಷಗಳ ಕಾಲ ನಾನು ಆರೋಗ್ಯ ವಿಮೆಯ ಕ್ಲೇಮು ಕಡತಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸವನ್ನೂ ಮಾಡಿದ್ದೇನೆ. ಇದು ಊರಿನಲ್ಲಿ ಗೊತ್ತಿರುವುದರಿಂದ, ಪಾಲಿಸಿ ಕೊಳ್ಳಲು ಹೊರಟವರು ಪ್ರಪೋಸಲ್ ಫಾರಂ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬರುತ್ತಾರೆ. ಬಿಪಿ ನೋಡಿಸಿಕೊಂಡು, ಮಾತ್ರೆಯ ಚೀಟಿ ಬರೆಸಿಕೊಂಡು, ಎದ್ದು ಬಾಗಿಲ ತನಕ ಹೋದವರು ಅಲ್ಲಿಂದ ತಿರುಗಿ ನಿಂತು ದನಿ ತಗ್ಗಿಸಿ ಕೇಳುವುದು ಒಂದೇ ಪ್ರಶ್ನೆ: ‘ಶುಗರ್ ಇದೆಯೆಂದು ಇದರಲ್ಲಿ ಬರೆಯಲೇಬೇಕೇ ಡಾಕ್ಟ್ರೇ?’ ಹೀಗೆ ಕೇಳುವವರು ಮೋಸಗಾರರಲ್ಲ. ಅಂಗಡಿಯವನು ಮರೆತು ಹತ್ತು ರೂಪಾಯಿ ಹೆಚ್ಚಿಗೆ ಚಿಲ್ಲರೆ ಕೊಟ್ಟರೆ ಬಿಸಿಲಿನಲ್ಲಿ ವಾಪಸು ನಡೆದು ಹೋಗಿ ಕೊಟ್ಟುಬರುವ ಜನ ಇವರು. ಆದರೆ ವಿಮೆಯ ಫಾರಂ ಎದುರಿಗಿದ್ದಾಗ ಮಾತ್ರ, ಕಾಯಿಲೆಯನ್ನು ಬರೆಯದೆ ಬಿಡುವುದೇ ಜಾಣತನವೆಂದು ಅವರಿಗೆ ಯಾರೋ ಹೇಳಿಕೊಟ್ಟಿರುತ್ತಾರೆ. ಹೇಳಿಕೊಟ್ಟವರು ಕೆಲವೊಮ್ಮೆ ಏಜೆಂಟರು. ಬಹಳ ಸಲ, ‘ನಾನೂ ಬರೆದಿರಲಿಲ್ಲ, ಏನೂ ಆಗಲಿಲ್ಲ’ ಎನ್ನುವ ಭಾವನೋ ಷಡ್ಡಕನೋ ಆಗಿರುತ್ತಾರೆ.

ಇನ್ನು ಕೆಲವರು ಮುಚ್ಚಿಡುತ್ತಿದ್ದೇವೆಂದು ತಿಳಿಯದೆಯೇ ಮುಚ್ಚಿಡುತ್ತಾರೆ. ‘ಬಾರ್ಡರ್‌ನಲ್ಲಿದೆ ಅಷ್ಟೆ’, ‘ಅರ್ಧ ಮಾತ್ರೆ ಮಾತ್ರ ತೆಗೆದುಕೊಳ್ಳುವುದು’, ‘ಈಗ ಬಿಪಿ ನಾರ್ಮಲ್ ಇದೆಯಲ್ಲ’ ಎನ್ನುತ್ತಾರೆ. ಮಾತ್ರೆಯ ಬಲದಿಂದ ಹತೋಟಿಯಲ್ಲಿರುವ ಬಿಪಿಯೂ ಬಿಪಿಯೇ. ಹತ್ತು ವರ್ಷಗಳಿಂದ ದಿನವೂ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವ ಗೃಹಿಣಿಯರಲ್ಲಿ ಅನೇಕರಿಗೆ ಅದೊಂದು ಕಾಯಿಲೆಯೆಂಬ ಭಾವನೆಯೇ ಇರುವುದಿಲ್ಲ. ನಿಯಮಿತವಾಗಿ ಏನಾದರೂ ಔಷಧ ಸೇವಿಸುತ್ತಿದ್ದೀರಾ ಎಂದು ಫಾರಂ ಕೇಳುವುದು ಇಂಥ ಸಂಗತಿಗಳು ಬಿಟ್ಟುಹೋಗದಿರಲೆಂದೇ.

ಬರೆಯದೆ ಬಿಟ್ಟದ್ದು ಎಲ್ಲಿ ಹೊರಬೀಳುತ್ತದೆಂದು ನಾನು ನೂರಾರು ಕಡತಗಳಲ್ಲಿ ನೋಡಿದ್ದೇನೆ. ಅದಕ್ಕೆ ಪತ್ತೇದಾರರು ಬೇಕಾಗಿಲ್ಲ. ರಾತ್ರಿ ಎದೆನೋವೆಂದು ತಂದೆಯನ್ನು ಆಸ್ಪತ್ರೆಗೆ ಕರೆತಂದ ಮಗನನ್ನು ತುರ್ತು ವಿಭಾಗದ ಕಿರಿಯ ವೈದ್ಯರು ಕೇಳುತ್ತಾರೆ, ಶುಗರ್ ಇದೆಯೇ, ಎಷ್ಟು ವರ್ಷದಿಂದ ಎಂದು. ಗಾಬರಿಯಲ್ಲಿರುವ ಮಗ ನಿಜವನ್ನೇ ಹೇಳುತ್ತಾನೆ, ಹೇಳಲೇಬೇಕು, ಏಕೆಂದರೆ ಚಿಕಿತ್ಸೆ ನಿಂತಿರುವುದೇ ಆ ಉತ್ತರದ ಮೇಲೆ. ಅದು ಕೇಸ್ ಶೀಟಿನ ಮೊದಲ ಪುಟ ಸೇರುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಮರಿಗೆ ಇಳಿಯುತ್ತದೆ, ಅಲ್ಲಿಂದ ವಿಮಾ ಕಂಪನಿಯ ಮೇಜಿಗೆ ಬರುತ್ತದೆ. ಯಾರೂ ಬಾಯಿ ಬಿಡದಿದ್ದರೂ ದೇಹ ಸುಮ್ಮನಿರುವುದಿಲ್ಲ. ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕವನ್ನು ಮುಂದಿಡುತ್ತದೆ. ಬಹುಕಾಲದ ಬಿಪಿಯಿಂದ ದಪ್ಪಗಾದ ಹೃದಯದ ಗೋಡೆ ಎಕೋದಲ್ಲಿ ಕಾಣುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ವರ್ಷಗಳ ಮಧುಮೇಹದ ಗುರುತುಗಳಿರುತ್ತವೆ.

ನಾನು ಎಷ್ಟು ಸಲ ಹೇಳಿದರೂ ಜನರ ಮನಸ್ಸಿನಲ್ಲಿ ನಿಲ್ಲದ ಸಂಗತಿಯೊಂದಿದೆ. ಶುಗರ್ ಇದೆಯೆಂದು ಬರೆದರೆ ಅದಕ್ಕೆ ವಿಮೆಯ ಹಣ ಎಂದಿಗೂ ಸಿಗುವುದಿಲ್ಲ, ಬರೆಯದಿದ್ದರೆ ಸಿಗುತ್ತದೆ ಎಂದು ಅವರು ತಿಳಿದಿದ್ದಾರೆ. ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧ. ಬರೆದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಆ ಕಾಯಿಲೆಯ ಖರ್ಚನ್ನು ಕಂಪನಿ ಕೊಡದ ಆರಂಭದ ಕಾಲ, ಎಂಬುದೊಂದು ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ ಅದು 36 ತಿಂಗಳನ್ನು ಮೀರುವಂತಿಲ್ಲ. ಮೊದಲು ಈ ಮಿತಿ 48 ತಿಂಗಳಿತ್ತು. ಎರಡೇ ವರ್ಷಕ್ಕೆ, ಒಂದೇ ವರ್ಷಕ್ಕೆ ಈ ಕಾಯುವ ಅವಧಿ ಮುಗಿಯುವ ಪಾಲಿಸಿಗಳೂ ಇವೆ. ಆ ಅವಧಿ ದಾಟಿದ ಮೇಲೆ ಅದೇ ಶುಗರ್, ಅದರಿಂದಾದ ಕಾಲಿನ ಹುಣ್ಣು, ಮೂತ್ರಪಿಂಡದ ತೊಂದರೆ ಎಲ್ಲವೂ ಪಾಲಿಸಿಯ ಷರತ್ತಿನೊಳಗೆ ಬರುತ್ತವೆ. ಕಾಯುತ್ತಿರುವಾಗಲೂ ಪಾಲಿಸಿ ನಿದ್ದೆ ಮಾಡುತ್ತಿರುವುದಿಲ್ಲ. ಮೊದಲ 30 ದಿನ ಕಳೆದ ನಂತರ ಡೆಂಗ್ಯೂ ಬರಲಿ, ಅಪೆಂಡಿಕ್ಸ್ ಆಗಲಿ, ಅದು ನೆರವಿಗೆ ಬರುತ್ತದೆ. ಅಪಘಾತಕ್ಕಂತೂ ಆ 30 ದಿನಗಳ ತಡೆಯೂ ಇಲ್ಲ. ಹರ್ನಿಯಾ, ಕಣ್ಣಿನ ಪೊರೆಯಂಥ ಕೆಲವು ಶಸ್ತ್ರಚಿಕಿತ್ಸೆಗಳಿಗೆ ಬೇರೆಯದೇ ಕಾಯುವ ಅವಧಿಯಿದೆ, ಆದರೆ ಅದು ಶುಗರ್ ಇಲ್ಲದವರಿಗೂ ಅನ್ವಯಿಸುವಂಥದ್ದು.

ಬರೆಯದ ಕಾಯಿಲೆಗೆ ಕಾಯುವ ಅವಧಿಯೇ ಇರುವುದಿಲ್ಲ. ಇದನ್ನು ದಯವಿಟ್ಟು ನಿಧಾನವಾಗಿ ಓದಿಕೊಳ್ಳಿ. ಕಂಪನಿಗೆ ಗೊತ್ತೇ ಇಲ್ಲದ ಕಾಯಿಲೆಗೆ ದಿನ ಎಣಿಸುವವರು ಯಾರು? ನೀವು ಮನೆಯಲ್ಲಿ ಕುಳಿತು ‘ಮೂರು ವರ್ಷ ಕಳೆಯಿತು, ಇನ್ನು ಭಯವಿಲ್ಲ’ ಎಂದುಕೊಂಡರೆ ಆ ಮೂರು ವರ್ಷ ನಿಮ್ಮ ಲೆಕ್ಕದಲ್ಲಿ ಮಾತ್ರ ಕಳೆದಿದೆ. ನಾಲ್ಕನೆಯ ವರ್ಷದಲ್ಲಿ ಸಂಗತಿ ಹೊರಬಿದ್ದರೆ ಪ್ರಶ್ನೆ ಶುಗರಿಗೆ ಹಣ ಕೊಡಬೇಕೇ ಬೇಡವೇ ಎಂಬುದಾಗಿ ಉಳಿಯುವುದಿಲ್ಲ, ಈ ಪಾಲಿಸಿಯನ್ನೇ ಉಳಿಸಬೇಕೇ ಎಂಬುದಾಗುತ್ತದೆ. ಒಂದೇ ಪಾಲಿಸಿಯಲ್ಲಿ ಹೆಂಡತಿ, ಮಕ್ಕಳು ಎಲ್ಲರೂ ಸೇರಿರುವಾಗ ಒಬ್ಬರ ಮೌನದ ಭಾರ ಉಳಿದವರ ಮೇಲೂ ಬೀಳಬಹುದು. ಐವತ್ತೈದರ ವಯಸ್ಸಿನಲ್ಲಿ ಪಾಲಿಸಿ ರದ್ದಾದವರಿಗೆ ಬೇರೆ ಕಂಪನಿ ಬಾಗಿಲು ತೆರೆಯುವುದು ಕಷ್ಟ, ಏಕೆಂದರೆ ಹಿಂದೆ ಯಾವುದಾದರೂ ಪಾಲಿಸಿ ರದ್ದಾಗಿದೆಯೇ ಎಂದು ಹೊಸ ಫಾರಂ ಕೇಳುತ್ತದೆ.

ಸ್ವಲ್ಪ ಓದಿಕೊಂಡವರು ಇಲ್ಲಿ ಮೊರಟೋರಿಯಂ ಎಂಬ ಪದವನ್ನು ಮುಂದಿಡುತ್ತಾರೆ. ನಿರಂತರವಾಗಿ 60 ತಿಂಗಳು ಪಾಲಿಸಿ ನಡೆಸಿಕೊಂಡು ಬಂದ ಮೇಲೆ, ಮಾಹಿತಿ ಕೊಡಲಿಲ್ಲವೆಂಬ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂಬುದು ನಿಜ. 2024ರ ಏಪ್ರಿಲ್‌ಗೆ ಮೊದಲು ಇದು ಎಂಟು ವರ್ಷವಾಗಿತ್ತು. ಮರೆತು ಬಿಟ್ಟವರನ್ನು, ಏಜೆಂಟರ ಕೈಯಲ್ಲಿ ತಪ್ಪಾಗಿ ಫಾರಂ ತುಂಬಿಸಿಕೊಂಡವರನ್ನು ಕಾಪಾಡುವ ಒಳ್ಳೆಯ ನಿಯಮವಿದು, ನಾನು ಅದನ್ನು ಮನಸಾರೆ ಸ್ವಾಗತಿಸಿದವನು. ಆದರೆ ಸಾಬೀತಾದ ವಂಚನೆಯನ್ನು ನಿಯಮ ಹೊರಗಿಟ್ಟಿದೆ, ಮತ್ತು ಗೊತ್ತಿದ್ದೂ ‘ಇಲ್ಲ’ ಎಂದು ಗುರುತು ಹಾಕಿದ್ದು ಮರೆವೋ ವಂಚನೆಯೋ ಎಂಬ ವಾದ ನೀವು ಐಸಿಯು ಹೊರಗೆ ಕುಳಿತಿರುವಾಗ ಶುರುವಾಗುತ್ತದೆ. ಮಧ್ಯೆ ವಿಮೆಯ ಮೊತ್ತವನ್ನು ಐದು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿಸಿದ್ದರೆ, ಹೆಚ್ಚಿಸಿದ ಐದು ಲಕ್ಷಕ್ಕೆ 60 ತಿಂಗಳು ಹೊಸದಾಗಿ ಆರಂಭ. ಎಲ್ಲಕ್ಕಿಂತ ಮುಖ್ಯವಾಗಿ, ಬರೆದವನಿಗೆ ಹೆಚ್ಚೆಂದರೆ ಮೂರು ವರ್ಷ, ಬರೆಯದವನಿಗೆ ಐದು ವರ್ಷದ ಆತಂಕ ಎಂಬ ಸರಳ ಕೂಡುಕಳೆಯನ್ನು ವ್ಯಾಪಾರದಲ್ಲಿ ನುರಿತವರೂ ಮಾಡಿ ನೋಡುವುದಿಲ್ಲವಲ್ಲ ಎಂಬುದು ನನ್ನ ಬೇಸರ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2009ರಲ್ಲಿ ತೀರ್ಮಾನವಾದ ಮೊದಲನೆಯದರಲ್ಲಿ, ಮಧುಮೇಹ ಮತ್ತು ಮೂತ್ರಪಿಂಡದ ವೈಫಲ್ಯ ಇದ್ದ ವ್ಯಕ್ತಿ ಅದನ್ನು ತಿಳಿಸದೆ 1990ರ ಆಗಸ್ಟಿನಲ್ಲಿ ಮೆಡಿಕ್ಲೇಮ್ ಪಾಲಿಸಿ ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಹಣ ನಿರಾಕರಿಸಿದ ಕಂಪನಿಯ ಕ್ರಮವನ್ನು ನ್ಯಾಯಾಲಯ ಎತ್ತಿಹಿಡಿಯಿತು. 2021ರ ಡಿಸೆಂಬರಿನ ಎರಡನೆಯ ತೀರ್ಪು ಅಮೆರಿಕಕ್ಕೆ ಹೊರಟವರೊಬ್ಬರ ಪ್ರಯಾಣ ವಿಮೆಯದು. ಮಕ್ಕಳನ್ನು ನೋಡಲೆಂದು ವರ್ಷ ವರ್ಷವೂ ಬೆಂಗಳೂರಿನಿಂದ ವಿಮಾನ ಹತ್ತುವ ಅಪ್ಪ ಅಮ್ಮಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು. ಆ ಪ್ರಕರಣದ ವ್ಯಕ್ತಿ ತಮಗೆ ಮಧುಮೇಹವಿದೆಯೆಂದು ಮೊದಲೇ ತಿಳಿಸಿದ್ದರು, ವೈದ್ಯಕೀಯ ತಪಾಸಣೆಯಾಗಿಯೇ ಪಾಲಿಸಿ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಬೇಕಾಯಿತು. ಕೊಲೆಸ್ಟರಾಲಿನ ಮಾತ್ರೆಯ ವಿಷಯ ಹೇಳಿರಲಿಲ್ಲವೆಂದು ಕಂಪನಿ ತಕರಾರು ತೆಗೆದರೂ, ಮಧುಮೇಹವನ್ನು ತಿಳಿದೇ ಪಾಲಿಸಿ ಕೊಟ್ಟ ಮೇಲೆ ಹಿಂದೆ ಸರಿಯುವಂತಿಲ್ಲವೆಂದು ನ್ಯಾಯಾಲಯ ಹಣ ಕೊಡಿಸಿತು. ಸಾವಿಗೆ ಸಂಬಂಧವಿಲ್ಲದ ಬೆನ್ನಿನ ತೊಂದರೆಯನ್ನು ತಿಳಿಸದಿದ್ದ ಜೀವವಿಮೆಯ ಪ್ರಕರಣದಲ್ಲಿಯೂ ಹಣ ಕೊಡಿಸಿದ್ದುಂಟು. ಆದ್ದರಿಂದ ಮುಚ್ಚಿಟ್ಟವರೆಲ್ಲ ಸೋಲುತ್ತಾರೆಂದು ನಾನು ಹೇಳಲಾರೆ, ಪ್ರತಿ ಪ್ರಕರಣದ ಸಂಗತಿ ಬೇರೆ. ಕೋರ್ಟಿಗೆ ಅಲೆಯುವ ವರ್ಷಗಳನ್ನು ಮಾತ್ರ ಯಾವ ತೀರ್ಪೂ ಹಿಂದಿರುಗಿಸುವುದಿಲ್ಲ.

ಹಣದ ಮಾತು ಹಾಗಿರಲಿ. ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು, ಫಾರಂನಲ್ಲಿ ಮುಚ್ಚಿಟ್ಟವರು ಆಸ್ಪತ್ರೆಯಲ್ಲಿಯೂ ಮುಚ್ಚಿಡಲು ತೊಡಗುವುದು. ಒಬ್ಬ ಮಹಿಳೆ ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದರು. ಶುಗರಿಗೆ ಡಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಆದರೆ ವಿಮೆಗೆ ತೊಂದರೆಯಾದೀತೆಂದು ಮನೆಯವರು ‘ಯಾವ ಕಾಯಿಲೆಯೂ ಇಲ್ಲ’ ಎಂದೇ ಹೇಳಿಸಿದ್ದರು. ಈ ಗುಂಪಿನ ಮಾತ್ರೆಗಳನ್ನು ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಉಪವಾಸದ ಹೊತ್ತಿನಲ್ಲಿ ರಕ್ತದಲ್ಲಿ ಆಮ್ಲದ ಅಂಶ ಅಪಾಯಕಾರಿಯಾಗಿ ಏರಬಹುದು, ಸಕ್ಕರೆಯ ಪ್ರಮಾಣ ಬಹಳ ಹೆಚ್ಚಿರದಿರುವುದರಿಂದ ಅದು ಬೇಗ ಪತ್ತೆಯೂ ಆಗುವುದಿಲ್ಲ. ಹಿಂದಿನ ದಿನ ರಾತ್ರಿ ನರ್ಸ್ ಅವರ ಚೀಲದಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಕಂಡು ನನಗೆ ಫೋನು ಮಾಡಿದ್ದರಿಂದ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದೆವು. ಆ ನರ್ಸ್‌ಗೆ ನಾನು ಇಂದಿಗೂ ಕೃತಜ್ಞ. ಮರುದಿನ ಆ ಮನೆಯ ಹಿರಿಯರು ಕೇಸ್ ಶೀಟಿನಲ್ಲಿ ಶುಗರಿನ ಸಾಲನ್ನು ತೆಗೆಸಿಬಿಡಿ ಎಂದು ಕೈಮುಗಿದು ಕೇಳಿಕೊಂಡರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ವೈದ್ಯಕೀಯ ದಾಖಲೆಯನ್ನು ತಿದ್ದುವುದು ನಮ್ಮ ಪಾಲಿಗೆ ಅಪರಾಧ. ಅದನ್ನು ಯಾವ ವೈದ್ಯರಲ್ಲಿಯೂ ಕೇಳಬೇಡಿ.

ಈಗಾಗಲೇ ಬರೆಯದೆ ಪಾಲಿಸಿ ಮಾಡಿಸಿರುವವರು ಮುಂದೇನು ಎಂದು ಕೇಳುತ್ತಾರೆ. ಮುಂದಿನ ನವೀಕರಣಕ್ಕೆ ಮೊದಲೇ ಕಂಪನಿಗೆ ಬರಹದಲ್ಲಿ ತಿಳಿಸುವುದು ಒಳ್ಳೆಯದು ಎಂಬುದು ನನ್ನ ಸಲಹೆ. ಇದರಲ್ಲಿ ಅಪಾಯವಿಲ್ಲವೆಂದು ನಾನು ಭರವಸೆ ಕೊಡಲಾರೆ. ಕಂಪನಿ ಪ್ರೀಮಿಯಂ ಏರಿಸಬಹುದು, ಆ ದಿನದಿಂದ ಕಾಯುವ ಅವಧಿ ಹಾಕಬಹುದು, ಪಾಲಿಸಿಯನ್ನೇ ರದ್ದು ಮಾಡಲೂಬಹುದು. ಐದು ವರ್ಷ ತುಂಬುವ ಹಂತದಲ್ಲಿರುವವರು ಪತ್ರ ಬರೆಯುವ ಮೊದಲು ವಿಮಾ ಕಾನೂನು ತಿಳಿದವರೊಬ್ಬರನ್ನು ಕಂಡು ಮಾತನಾಡಿ. ಆದರೆ ಆರೋಗ್ಯವಾಗಿ ಓಡಾಡುತ್ತಿರುವಾಗ ಈ ತೊಡಕನ್ನು ಎದುರಿಸುವುದಕ್ಕೂ ಆಸ್ಪತ್ರೆಯ ಬಿಲ್ಲಿನ ಕೌಂಟರಿನ ಮುಂದೆ ಎದುರಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಎಲ್ಲವನ್ನೂ ಬರೆದೂ ಕ್ಲೇಮು ತಿರಸ್ಕೃತವಾದವರು ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟು, 30 ದಿನಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪಾರದರ್ಶಕವಾಗಿ ಬರೆದ ಫಾರಂ ಅಲ್ಲಿ ನಿಮ್ಮ ಪರವಾಗಿ ಮಾತನಾಡುತ್ತದೆ.

ಫಾರಂ ತುಂಬುವುದನ್ನು ಏಜೆಂಟರಿಗೆ ಬಿಡಬೇಡಿ. ‘ಅವರು ತುಂಬಿದರು, ನಾನು ಸಹಿ ಮಾಡಿದೆ’ ಎಂಬ ಮಾತು ಕಡತದಲ್ಲಿ ನಿಲ್ಲುವುದಿಲ್ಲ, ಮೊಬೈಲಿಗೆ ಬಂದ ಓಟಿಪಿಯನ್ನು ಹೇಳಿದ್ದೂ ಸಹಿಗೆ ಸಮಾನ. ಪಾಲಿಸಿಯ ಜೊತೆ ಫಾರಂನ ಪ್ರತಿ ಬರುತ್ತದೆ, ಅದನ್ನು ಓದಿ. ತಪ್ಪಿದ್ದರೆ ಆಗಲೇ ತಿದ್ದಿಸಿ. ಪಾಲಿಸಿಯೇ ಬೇಡವೆನಿಸಿದರೆ ಅದು ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವೂ ಇದೆ.

ಪ್ರಾಮಾಣಿಕರೂ ಎಡವುವ ಜಾಗವೊಂದನ್ನು ಹೇಳದೆ ಇರಲಾರೆ. ಅಡಿಕೆ ವ್ಯಾಪಾರ ಮಾಡುವ ನನ್ನ ರೋಗಿಯೊಬ್ಬರಿಗೆ ಪಾಲಿಸಿ ಕೊಂಡ ಎರಡು ವರ್ಷದ ಮೇಲೆ ಶುಗರ್ ಮೊದಲ ಬಾರಿಗೆ ಕಾಣಿಸಿಕೊಂಡಿತ್ತು. ಮುಂದೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ, ಊರಿನಿಂದ ಓಡಿಬಂದ ತಮ್ಮ ‘ಅಣ್ಣನಿಗೆ ಶುಗರ್ ಬಹಳ ವರ್ಷದಿಂದ ಇದೆ, ಏಳೆಂಟು ವರ್ಷ ಆಗಿರಬಹುದು’ ಎಂದುಬಿಟ್ಟ. ಬರೆದುಕೊಂಡವರು ಎಂಟು ವರ್ಷವೆಂದೇ ಬರೆದುಕೊಂಡರು. ಪಾಲಿಸಿಗೆ ಇನ್ನೂ ನಾಲ್ಕು ವರ್ಷವಾಗಿತ್ತಾದ್ದರಿಂದ ಕ್ಲೇಮು ನಿಂತಿತು. ಅವರ ಪತ್ನಿ ಅಟ್ಟದ ಮೇಲಿನ ಟ್ರಂಕಿನಿಂದ, ಪಾಲಿಸಿಗೆ ಮೊದಲಿನ ವರ್ಷ ಮಾಡಿಸಿದ್ದ ನಾರ್ಮಲ್ ರಕ್ತಪರೀಕ್ಷೆಯ ವರದಿಯನ್ನೂ ಶುಗರ್ ಮೊದಲು ಕಂಡ ದಿನದ ನನ್ನ ಚೀಟಿಯನ್ನೂ ಹುಡುಕಿ ತಂದುಕೊಟ್ಟ ಮೇಲೆ ಹಣ ಬಂತು. ಅಲ್ಲಿಂದೀಚೆಗೆ ನಾನು ಯಾರಿಗೇ ಶುಗರ್ ಅಥವಾ ಬಿಪಿ ಹೊಸದಾಗಿ ಪತ್ತೆಯಾದರೂ ಚೀಟಿಯ ಮೇಲ್ತುದಿಯಲ್ಲಿ ‘ಮೊದಲ ಬಾರಿಗೆ ಪತ್ತೆಯಾದ ದಿನ’ ಎಂದು ತಾರೀಕು ಸಹಿತ ಕೆಂಪು ಶಾಯಿಯಲ್ಲಿ ಬರೆದು, ಮನೆಪತ್ರದ ಜೊತೆ ಇಡಿ ಎಂದು ಹೇಳಿ ಕಳಿಸುತ್ತೇನೆ.