ಕಂಪ್ರಡೋರ್ ಎಂದರೆ ದಲ್ಲಾಳಿಯಲ್ಲ

ಕಳೆದ ಕೆಲವು ವಾರಗಳಲ್ಲಿ ಓದಿದ ಮೂರು ಬರಹಗಳಲ್ಲಿ ‘ಕಂಪ್ರಡೋರ್’ ಎಂಬ ಪದ ಎದುರಾಯಿತು. ಒಂದರಲ್ಲಿ ಅದು ಹೊರದೇಶದ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಉದ್ಯಮಿಗೆ ಅಂಟಿದ ಬೈಗುಳವಾಗಿತ್ತು, ಇನ್ನೊಂದರಲ್ಲಿ ಕಾರ್ಖಾನೆಗೆ ಭೂಮಿ ಕೊಡಿಸಿದ ರಾಜಕಾರಣಿಗೆ, ಮೂರನೆಯದರಲ್ಲಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವವರಿಗೆ. ಮೂರರಲ್ಲೂ ಪಕ್ಕದಲ್ಲೇ ‘ಅಂದರೆ ದಲ್ಲಾಳಿ’ ಎಂಬ ವಿವರಣೆಯೂ ಇತ್ತು. ಬೈಯುವ ಹಕ್ಕು ಎಲ್ಲರಿಗೂ ಇದೆ. ಆದರೆ ಸುಮಾರು ಮುನ್ನೂರು ವರ್ಷ ಚೀನಾದ ಬಂದರುಗಳಲ್ಲಿ ನಿರ್ದಿಷ್ಟ ಕೆಲಸ, ನಿರ್ದಿಷ್ಟ ಹೊಣೆ ಮತ್ತು ನಿರ್ದಿಷ್ಟ ಕೋಣೆ ಇದ್ದ ಒಬ್ಬ ಮನುಷ್ಯನ ಹೆಸರನ್ನು ಬಳಸುವಾಗ ಆ ಮನುಷ್ಯ ಏನು ಮಾಡುತ್ತಿದ್ದ ಎಂಬುದಾದರೂ ತಿಳಿದಿರಬೇಡವೇ?

ಪದ ಪೋರ್ಚುಗೀಸ್ ಭಾಷೆಯದು. ‘ಕಂಪ್ರಾರ್’ ಎಂದರೆ ಕೊಳ್ಳುವುದು, ‘ಕಂಪ್ರಡೋರ್’ ಎಂದರೆ ಕೊಳ್ಳುವವನು. ಮಾರುವವನಲ್ಲ, ಮಾರಿಸುವವನೂ ಅಲ್ಲ. ಉತ್ತರ ಕರ್ನಾಟಕದವರು ದಿನವೂ ಆಡುವ ‘ಪಗಾರ’ ಅದೇ ಭಾಷೆಯ ‘ಪಗಾರ್’, ಅಂದರೆ ಹಣ ಕೊಡುವುದು, ಎಂಬುದರಿಂದ ಬಂದದ್ದು. ಮೇಜು, ಚಾವಿ, ಪಾದ್ರಿಗಳೂ ಅದೇ ಹಡಗಿನಲ್ಲಿ ಇಳಿದವು. ಪೋರ್ಚುಗೀಸರು 1557ರ ಸುಮಾರಿಗೆ ಮಕಾವಿನಲ್ಲಿ ನೆಲೆಯೂರಿದಾಗ ಬೆಳಿಗ್ಗೆ ಪೇಟೆಗೆ ಹೋಗಿ ಮೀನು, ಸೊಪ್ಪು, ಕೋಳಿ, ಸೌದೆ ತಂದು ಮನೆಯೊಡೆಯನಿಗೆ ಲೆಕ್ಕ ಒಪ್ಪಿಸುವ ಸ್ಥಳೀಯ ಆಳೇ ಕಂಪ್ರಡೋರ್. ಅವನ ಮೂಲಸ್ಥಾನ ಅಡುಗೆಮನೆ ಮತ್ತು ಉಗ್ರಾಣ, ವ್ಯಾಪಾರದ ಗದ್ದುಗೆಯಲ್ಲ. ಒಂದು ಕಾಲಕ್ಕೆ ಬಂಗಾಳದ ಇಂಗ್ಲಿಷರೂ ಮನೆವಾರ್ತೆಯ ಆಳನ್ನು ಇದೇ ಹೆಸರಿನಿಂದ ಕರೆಯುತ್ತಿದ್ದರು; ಅಲ್ಲಿ ಪದ ಸತ್ತಿತು, ಚೀನಾದಲ್ಲಿ ಬೆಳೆಯಿತು.

ಚೀನೀಯರು ಇವನನ್ನು ಕರೆದದ್ದು ‘ಮಾಯ್‌ಬಾನ್’ ಎಂದು. ‘ಮಾಯ್’ ಎಂದರೆ ಕೊಳ್ಳು, ‘ಬಾನ್’ ಎಂದರೆ ನಿರ್ವಹಿಸು, ನೋಡಿಕೊಳ್ಳು. ಈ ಪದವನ್ನು ಅವರು ಪರದೇಶಿಗಳಿಗಾಗಿ ಹೊಸದಾಗಿ ಹುಟ್ಟಿಸಲಿಲ್ಲ. ಮಿಂಗ್ ಅರಸರ ಕಾಲದಲ್ಲೇ ಸರ್ಕಾರಕ್ಕೆ ಬೇಕಾದ ಸಾಮಾನು ಖರೀದಿಸಿ ಒದಗಿಸುವವರಿಗೆ ಆ ಹೆಸರಿತ್ತು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪದ ಬೇಕಿದ್ದರೆ ‘ಪಾರುಪತ್ಯಗಾರ’ ಎನ್ನಬಹುದು, ಏಕೆಂದರೆ ದೇವಸ್ಥಾನದ ಪಾರುಪತ್ಯಗಾರನಂತೆ ಇವನೂ ಅಕ್ಕಿಯ ಲೆಕ್ಕ, ಆಳಿನ ಲೆಕ್ಕ, ಬೀಗದ ಕೈ ಮೂರನ್ನೂ ಇಟ್ಟುಕೊಂಡವನು. ಮುಂದೆ ಶಾಂಘೈಯವರು ಪೋರ್ಚುಗೀಸ್ ಪದವನ್ನೇ ‘ಕಾಂಗ್‌ಬಾಯ್‌ದು’ ಎಂದು ಉಚ್ಚರಿಸಿ, ಆ ಧ್ವನಿಗೆ ಹೊಂದುವ ಅಕ್ಷರಗಳಲ್ಲಿ ಬರೆದುಕೊಂಡರು. ಅದನ್ನು ಬರೆಯುವ ಒಂದು ಬಗೆಯನ್ನು ಅಕ್ಷರಶಃ ಓದಿದರೆ ‘ಹೊಟ್ಟು ದಾಟಿಸುವ ದೋಣಿ’ ಎಂಬ ಅರ್ಥ ಬರುತ್ತದೆ. ಇದು ಬರಿಯ ಧ್ವನಿಯ ಹೊಂದಾಣಿಕೆಯೇ ಇರಬಹುದು; ಆದರೂ ಬರೆದವನ ತುಟಿಯಂಚಿನ ನಗು ಕಾಣದೆ ಇರದು.

ಈಗ ನನ್ನ ತಕರಾರಿನ ಮುಖ್ಯ ಅಂಶಕ್ಕೆ ಬರುತ್ತೇನೆ. 1757ರಲ್ಲಿ ಚಿಯನ್‌ಲಾಂಗ್ ಚಕ್ರವರ್ತಿ ಯುರೋಪಿನವರ ಸಮುದ್ರ ವ್ಯಾಪಾರವನ್ನು ಗ್ವಾಂಗ್‌ಜೌ, ಅಂದರೆ ಕ್ಯಾಂಟನ್, ಎಂಬ ಒಂದೇ ಬಂದರಿಗೆ ಕಟ್ಟಿಹಾಕಿದ. ಪರದೇಶಿಗಳು ಪಟ್ಟಣದ ಗೋಡೆಯ ಹೊರಗೆ, ನದಿಯಂಚಿನ ಹದಿಮೂರು ಕೋಠಿಗಳಲ್ಲಿ, ಅಂದರೆ ವಾಸಕ್ಕೂ ಸರಕಿಗೂ ಇದ್ದ ವ್ಯಾಪಾರದ ಮನೆಗಳಲ್ಲಿ, ಮಾತ್ರ ಇರಬೇಕು, ಹೆಂಗಸರನ್ನು ಕರೆತರಬಾರದು, ವ್ಯಾಪಾರದ ಋತು ಮುಗಿದ ಮೇಲೆ ಮಕಾವಿಗೆ ಮರಳಬೇಕು ಎಂಬ ಕಟ್ಟಳೆಗಳಿದ್ದವು. ಅವರು ಚೀನೀ ಭಾಷೆ ಕಲಿಯುವಂತೆಯೂ ಇರಲಿಲ್ಲ. 1759ರಲ್ಲಿ ಭಾಷೆ ಕಲಿತಿದ್ದ ಜೇಮ್ಸ್ ಫ್ಲಿಂಟ್ ಎಂಬ ಇಂಗ್ಲಿಷನು ಉತ್ತರಕ್ಕೆ ಹಡಗೇರಿ ನೇರವಾಗಿ ಚಕ್ರವರ್ತಿಗೇ ದೂರು ಮುಟ್ಟಿಸಲು ಹೋದಾಗ ಅವನಿಗೆ ಮೂರು ವರ್ಷ ಸೆರೆಯಾಯಿತು. ಆ ದೂರನ್ನು ಚೀನೀ ಭಾಷೆಯಲ್ಲಿ ಬರೆಯಲು ನೆರವಾದ ಸ್ಥಳೀಯನ ತಲೆಯೇ ಹೋಯಿತು. ಹೀಗೆ ಮಾತಿನ ದಾರಿಯನ್ನೇ ಮುಚ್ಚಿದ ಮೇಲೆ ವ್ಯಾಪಾರ ನಡೆಯಬೇಕಾದರೆ ನಡುವೆ ಜನ ಬೇಕು, ಮತ್ತು ಆಗ ಚೀನಾವನ್ನು ಆಳುತ್ತಿದ್ದ ಚಿಂಗ್ ವಂಶದ ಸರ್ಕಾರ ಆ ಜನರನ್ನು ಮೂರು ಬಗೆಯಾಗಿ ವಿಂಗಡಿಸಿ ಪರವಾನಗಿ ಕೊಟ್ಟಿತು. ಚಹಾ ಮತ್ತು ರೇಷ್ಮೆಯ ಸಗಟು ವ್ಯಾಪಾರದ ಏಕಸ್ವಾಮ್ಯ ‘ಹಾಂಗ್’ ವರ್ತಕರದು. ಅವರಲ್ಲಿ ಹೌಕ್ವಾ ಎಂದು ಹೆಸರಾದ ವೂ ಬಿಂಗ್‌ಜಿಯಾನ್‌ನ ಆಸ್ತಿ 1834ರಲ್ಲಿ 2.6 ಕೋಟಿ ಡಾಲರ್ ಎಂಬ ಅಂದಾಜಿತ್ತು. ಸುಂಕದ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವರು ‘ತೋಂಗ್‌ಷಿ’, ಅಂದರೆ ಭಾಷೆಯವರು. ಅಕ್ಕಿ, ಮಾಂಸ, ನೀರು, ಆಳುಕಾಳು, ಮನೆಯ ನಗದು ನೋಡಿಕೊಳ್ಳುವವನು ಕಂಪ್ರಡೋರ್.

ಮೂರನ್ನೂ ಕಲಸಿ ‘ಮಧ್ಯವರ್ತಿಗಳು’ ಎಂದು ಬರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಇದಕ್ಕೆ ಒಂದು ಕಾರಣ ಮದರಾಸಿನ ದುಭಾಷಿ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ದುಭಾಷಿ ಎರಡು ಭಾಷೆ ಬಲ್ಲವನೆಂದು ಹೆಸರು ಪಡೆದು, ಆಮೇಲೆ ಸಾಹೇಬನ ಮನೆವಾರ್ತೆ, ಸಾಲ, ಖರೀದಿ ಎಲ್ಲವನ್ನೂ ಒಬ್ಬನೇ ಹೊತ್ತವನು. ನಮ್ಮ ಕಣ್ಣು ಆ ಚಿತ್ರಕ್ಕೆ ಹೊಂದಿಕೊಂಡಿರುವುದರಿಂದ ಕ್ಯಾಂಟನ್‌ನಲ್ಲೂ ಅದನ್ನೇ ಕಾಣುತ್ತೇವೆ. ಆದರೆ ಅಲ್ಲಿ ಭಾಷೆಯವನೇ ಬೇರೆ, ಮನೆವಾರ್ತೆಯವನೇ ಬೇರೆ, ಸರಕಿನವನೇ ಬೇರೆ. ಒಂದೇ ಕೈಗೆ ಎಲ್ಲ ಸಿಗದಂತೆ ನೋಡಿಕೊಂಡದ್ದು ಆ ವ್ಯವಸ್ಥೆಯ ಜಾಣತನ.

ಕಂಪ್ರಡೋರ್ ಎಷ್ಟು ಅನಿವಾರ್ಯನಾಗಿದ್ದನೆಂಬುದು ಅವನು ಇಲ್ಲದ ದಿನ ತಿಳಿಯಿತು. 1839ರ ಮಾರ್ಚ್‌ನಲ್ಲಿ ಅಫೀಮಿನ ದಾಸ್ತಾನು ಒಪ್ಪಿಸದ ಪರದೇಶಿಗಳನ್ನು ಮಣಿಸಲು ವಿಶೇಷ ಅಧಿಕಾರಿ ಲಿನ್ ಝೆಷು ಮೊದಲು ಮಾಡಿದ ಕೆಲಸಗಳಲ್ಲಿ ಒಂದೆಂದರೆ ಕೋಠಿಗಳಿಂದ ಕಂಪ್ರಡೋರರನ್ನೂ ಅಡುಗೆಯವರನ್ನೂ ಆಳುಗಳನ್ನೂ ಹೊರಗೆ ಕರೆಸಿಕೊಂಡದ್ದು. ಫಿರಂಗಿ ಹಾರಲಿಲ್ಲ. ಸುಮಾರು ಮುನ್ನೂರೈವತ್ತು ಪರದೇಶಿಗಳು ಆರೇಳು ವಾರ ತಾವೇ ಕಸ ಗುಡಿಸಿ, ನೀರು ಹೊತ್ತು, ಒಲೆ ಹಚ್ಚಬೇಕಾಯಿತು. ಅಮೆರಿಕದ ದೊಡ್ಡ ವ್ಯಾಪಾರ ಸಂಸ್ಥೆಯೊಂದರ ಯಜಮಾನ ಅನ್ನ ಮಾಡಲು ಹೊರಟು ಪಾತ್ರೆಯ ತುಂಬ ಅಂಟು ಮಾಡಿಟ್ಟನೆಂದು ಅವನ ಜೊತೆಯವನೊಬ್ಬ ಬರೆದಿಟ್ಟಿದ್ದಾನೆ. ಲಕ್ಷಗಟ್ಟಲೆ ಡಾಲರ್ ವಹಿವಾಟಿನ ಗೃಹಸ್ಥರು ಗಂಜಿಗೆ ಗತಿಯಿಲ್ಲದೆ ಕೂತ ಈ ದೃಶ್ಯವನ್ನು ಅಫೀಮು ಯುದ್ಧದ ಬಗ್ಗೆ ಬರೆಯುವವರು ಯಾಕೋ ಬಿಟ್ಟುಬಿಡುತ್ತಾರೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಕೈಗೆ ಬಂತು. ಲಿನ್ ಅದನ್ನು ಹೂಮೆನ್ ಬಳಿ ಸುಣ್ಣ, ಉಪ್ಪು, ನೀರಿನಲ್ಲಿ ಕರಗಿಸಿ ಸಮುದ್ರಕ್ಕೆ ಬಿಡಿಸಿದ.

ಅದರ ಹಿಂದೆ ಬಂದ ಯುದ್ಧ ಮತ್ತು 1842ರ ನಾನ್‌ಜಿಂಗ್ ಒಪ್ಪಂದದ ಕತೆ ಎಲ್ಲರಿಗೂ ಗೊತ್ತು: ಹಾಂಗ್‌ಕಾಂಗ್ ಹೋಯಿತು, ಐದು ಬಂದರುಗಳು ತೆರೆದವು, 2.1 ಕೋಟಿ ಡಾಲರ್ ದಂಡ ಬಿತ್ತು. ನಮ್ಮ ಪದಕ್ಕೆ ಸಂಬಂಧಿಸಿದ್ದು ಅದೇ ಒಪ್ಪಂದದಲ್ಲಿ ಹಾಂಗ್ ವರ್ತಕರ ಏಕಸ್ವಾಮ್ಯ ರದ್ದಾದದ್ದು. ಅವರ ಜಾಗ ಖಾಲಿಯಾದಾಗ ಅಡುಗೆಮನೆಯ ಪಾರುಪತ್ಯಗಾರ ಅಲ್ಲಿಂದೆದ್ದು ಬಂದು ಕಚೇರಿಯಲ್ಲಿ ಕೂತ. ಆಗ ಹುಟ್ಟಿದ್ದೇ ನಿಜವಾದ, ಇತಿಹಾಸಕ್ಕೆ ಬೇಕಾದ ಕಂಪ್ರಡೋರ್. ಅವನಿಗೂ ವಿದೇಶಿ ಸಂಸ್ಥೆಗೂ ಬರಹದ ಕರಾರಿತ್ತು. ಅವನು ಠೇವಣಿ ಇಡಬೇಕಿತ್ತು ಅಥವಾ ಜಾಮೀನುದಾರರನ್ನು ತರಬೇಕಿತ್ತು. ಸಂಸ್ಥೆಯ ಚೀನೀ ನೌಕರರನ್ನೆಲ್ಲ ಅವನೇ ನೇಮಿಸುತ್ತಿದ್ದ, ಅವರಲ್ಲಿ ಯಾರು ಕದ್ದರೂ ಅವನೇ ತುಂಬಿಕೊಡುತ್ತಿದ್ದ. ಒಳನಾಡಿನ ವರ್ತಕ ಹುಂಡಿ ತೀರಿಸದಿದ್ದರೆ ಸಂಸ್ಥೆ ಕೈಯಿಡುತ್ತಿದ್ದದ್ದು ಇವನ ಕೊರಳಪಟ್ಟಿಗೆ. ಬೆಳ್ಳಿಯ ಗಟ್ಟಿಗಳ ಕಸು ನೋಡಲು ಅವನ ಕೈಕೆಳಗೆ ‘ಶ್ರಾಫ್’ ಇರುತ್ತಿದ್ದ. (ನಮ್ಮ ಸರಾಫನೇ ಇವನು, ಅರಬ್ಬಿಯಿಂದ ಭಾರತಕ್ಕೆ, ಭಾರತದಿಂದ ಚೀನಾಕ್ಕೆ ಹೋದ ಈ ಪದವನ್ನು ಹಾಂಗ್‌ಕಾಂಗ್‌ನ ವಾಹನ ನಿಲ್ದಾಣಗಳಲ್ಲಿ ಹಣ ಕಟ್ಟುವ ಕಿಂಡಿಯ ಮೇಲೆ ಇಂದಿಗೂ ಕಾಣಬಹುದು.) ಇಷ್ಟರ ಜೊತೆಗೆ ಅವನು ಸ್ವಂತ ಬಂಡವಾಳ ಹೂಡಿ ಸ್ವಂತ ವ್ಯಾಪಾರವನ್ನೂ ನಡೆಸುತ್ತಿದ್ದ.

ದಲ್ಲಾಳಿ ಯಾರೆಂಬುದು ನಮಗೆ ಗೊತ್ತೇ ಇದೆ. ನಿವೇಶನ ತೋರಿಸಿ, ಎರಡೂ ಕಡೆಯಿಂದ ಕಮಿಷನ್ ಪಡೆದು, ನೋಂದಣಿಯ ಮರುದಿನ ಕರೆ ಎತ್ತದವನು ದಲ್ಲಾಳಿ. ನನ್ನ ಪಾಲಿಗೆ ಬಂದಿದ್ದವನಂತೂ ಒಂದೇ ನಿವೇಶನಕ್ಕೆ ಎರಡು ಬೇರೆ ಬೇರೆ ಅಳತೆ ಹೇಳಿ, ಕೇಳಿದಾಗ ‘ಅದು ಸರ್ವೆಯವರ ವಿಚಾರ, ನನ್ನದಲ್ಲ’ ಎಂದಿದ್ದ. ‘ನನ್ನದಲ್ಲ’ ಎಂಬ ಆ ಮಾತನ್ನು ಆಡುವ ಸ್ವಾತಂತ್ರ್ಯ ಇರುವುದೇ ದಲ್ಲಾಳಿಯ ಲಕ್ಷಣ, ಆ ಸ್ವಾತಂತ್ರ್ಯ ಇಲ್ಲದಿರುವುದೇ ಕಂಪ್ರಡೋರನ ಲಕ್ಷಣ. ಹೊಣೆ ಮತ್ತು ಜಾಮೀನನ್ನು ಕಿತ್ತುಹಾಕಿದ ಮೇಲೆ ಆ ಪದದಲ್ಲಿ ಉಳಿಯುವುದು ಬರಿಯ ದನಿ.

ಹಾಗಿದ್ದರೆ ಅವನು ಪರರ ಸೇವಕನಲ್ಲವೇ ಎಂಬ ಪ್ರಶ್ನೆ ಸಹಜ. ಸೇವಕ ಹೌದು, ಮತ್ತು ಅಫೀಮಿನ ದುಡ್ಡಿನಲ್ಲಿ ಅವನ ಪಾಲೂ ಇತ್ತು. ಅದನ್ನು ಮರೆಮಾಚುವುದು ನನ್ನ ಉದ್ದೇಶವಲ್ಲ. ಆದರೆ ತಾಂಗ್ ಟಿಂಗ್‌ಶೂ ಎಂಬವನನ್ನು ನೋಡಿ. ಮಕಾವಿನ ಪಕ್ಕದ ಶಿಯಾಂಗ್‌ಶಾನ್ ಸೀಮೆಯವನು, ಹಾಂಗ್‌ಕಾಂಗ್‌ನ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತವನು, 1862ರಲ್ಲಿ ಚೀನೀಯರಿಗಾಗಿ ಇಂಗ್ಲಿಷ್ ಕಲಿಕೆಯ ಪುಸ್ತಕ ಪ್ರಕಟಿಸಿದವನು, 1863ರಿಂದ ಹತ್ತು ವರ್ಷ ಶಾಂಘೈಯಲ್ಲಿ ಬ್ರಿಟಿಷರ ಜಾರ್ಡಿನ್ ಮ್ಯಾಥೆಸನ್ ವ್ಯಾಪಾರ ಸಂಸ್ಥೆಯ ಕಂಪ್ರಡೋರ್. 1873ರಲ್ಲಿ ಚಿಂಗ್ ಸರ್ಕಾರದ ಹಿರಿಯ ಅಧಿಕಾರಿ ಲಿ ಹೊಂಗ್‌ಜಾಂಗ್ ಕರೆದಾಗ ಅವನು ಆ ಹುದ್ದೆ ಬಿಟ್ಟು, ಯಾಂಗ್ಸಿ ನದಿಯಲ್ಲಿ ಮೆರೆಯುತ್ತಿದ್ದ ಪರದೇಶಿ ಹಡಗುಗಳಿಗೆ ಎದುರಾಗಿ ಚೀನೀ ಬಂಡವಾಳದಲ್ಲಿ ಆಗಷ್ಟೇ ಹುಟ್ಟಿದ್ದ ಉಗಿಹಡಗಿನ ಕಂಪನಿಯ ಚುಕ್ಕಾಣಿ ಹಿಡಿದ. 1877ರಲ್ಲಿ ಆ ಕಂಪನಿ ಅಮೆರಿಕದ ರಸೆಲ್ ಸಂಸ್ಥೆಯ ಹಡಗುಗಳನ್ನೆಲ್ಲ 20 ಲಕ್ಷ ತೇಲ್‌ಗೂ (ತೇಲ್ ಎಂದರೆ ಚೀನೀಯರು ಬೆಳ್ಳಿ ತೂಗುತ್ತಿದ್ದ ಅಳತೆ) ಮಿಕ್ಕ ಬೆಳ್ಳಿಗೆ ಕೊಂಡುಕೊಂಡಿತು. ಮುಂದೆ ಕಾಯ್‌ಪಿಂಗ್ ಕಲ್ಲಿದ್ದಲ ಗಣಿಯನ್ನೂ ಅವನೇ ಎಬ್ಬಿಸಿದ. ಡೆಂಟ್ ಸಂಸ್ಥೆಯ ಕಂಪ್ರಡೋರನಾಗಿದ್ದ ಶು ರುನ್ ಕೂಡ ಅದೇ ಸೀಮೆಯವನು, ಅದೇ ಹಡಗಿನ ಕಂಪನಿಗೆ ಹಣ ಹಾಕಿದವನು. ಶಾಂಘೈಯ ನಿವೇಶನಗಳ ಮೇಲೆ ಸಾಲದ ಮೇಲೆ ಸಾಲ ತೆಗೆದು 1883ರ ಬಿಕ್ಕಟ್ಟಿನಲ್ಲಿ ದಿವಾಳಿಯಾದ. ಸಂತರೇನೂ ಅಲ್ಲ ಇವರು.

ಆ ಕಂಪನಿಯ ಪದ್ಧತಿಗೆ ‘ಗ್ವಾನ್ ದು ಶಾಂಗ್ ಬಾನ್’ ಎಂಬ ಹೆಸರಿತ್ತು: ಅಧಿಕಾರಿಗಳ ಉಸ್ತುವಾರಿ, ವರ್ತಕರ ನಿರ್ವಹಣೆ. ಕೊನೆಯ ‘ಬಾನ್’ ಗಮನಿಸಬೇಕು. ‘ಮಾಯ್‌ಬಾನ್’ ಪದದಲ್ಲಿದ್ದ ಅದೇ ಅಕ್ಷರ. ಪರರ ಮನೆಯಲ್ಲಿ ಕೊಂಡು ನಿರ್ವಹಿಸುತ್ತಿದ್ದವನೇ ಇಲ್ಲಿ ತನ್ನವರ ಬಂಡವಾಳ ನಿರ್ವಹಿಸಲು ಬಂದಿದ್ದ. ಚೀನಾ ಯುರೋಪಿಗೆ ಕೊಟ್ಟ ಉತ್ತರಗಳಲ್ಲಿ ಬಾಗಿಲು ಮುಚ್ಚುವುದು ಒಂದು, ಫಿರಂಗಿ ಎರಕ ಹೊಯ್ಯುವುದು ಇನ್ನೊಂದು. ವ್ಯಾಪಾರಕ್ಕೆ ವ್ಯಾಪಾರದಿಂದಲೇ ಎದುರಾಗುವ ಈ ಮೂರನೆಯದಕ್ಕೆ ‘ಶಾಂಗ್ ಜಾನ್’, ಅಂದರೆ ವಾಣಿಜ್ಯ ಸಮರ, ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ಜೆಂಗ್ ಗ್ವಾನ್‌ಯಿಂಗ್ ಸ್ವತಃ ಡೆಂಟ್ ಮತ್ತು ಸ್ವೈರ್ ಸಂಸ್ಥೆಗಳ ಕಂಪ್ರಡೋರನಾಗಿದ್ದವನು.

ಬೈಗುಳ ಬಂದದ್ದು ಆಮೇಲೆ. 1920ರ ದಶಕದಲ್ಲಿ ಚೀನೀ ಕಮ್ಯುನಿಸ್ಟರು ಸಮಾಜದ ವರ್ಗಗಳನ್ನು ವಿಂಗಡಿಸುವಾಗ ಸಾಮ್ರಾಜ್ಯಶಾಹಿಗೆ ಅಂಟಿಕೊಂಡ ಬಂಡವಾಳಿಗರನ್ನು ‘ಮಾಯ್‌ಬಾನ್’ ವರ್ಗ ಎಂದೂ, ಅದಕ್ಕೆ ಎದುರಾದವರನ್ನು ರಾಷ್ಟ್ರೀಯ ಬಂಡವಾಳಿಗರು ಎಂದೂ ಕರೆದರು. ಮಾವೋನ 1926ರ ಲೇಖನದಿಂದ ಆ ವಿಂಗಡಣೆ ಜಗತ್ತಿಗೆ ಹರಡಿತು. ನಕ್ಸಲ್‌ಬಾರಿಯ ನಂತರ ಅದು ಇಂಗ್ಲಿಷಿನ ಮೂಲಕ ನಮ್ಮಲ್ಲಿಗೆ ಬಂದು ‘ದಲ್ಲಾಳಿ ಬಂಡವಾಳಶಾಹಿ’ ಆಯಿತು. ಅದು ಒಂದು ರಾಜಕೀಯ ಸಿದ್ಧಾಂತದ ಪರಿಭಾಷೆ. ಆ ಚೌಕಟ್ಟಿನೊಳಗೆ ಅದಕ್ಕೆ ಖಚಿತ ಅರ್ಥವಿದೆ, ಭಾರತದ ಬಂಡವಾಳಿಗರಿಗೆ ಅದು ಸಲ್ಲುತ್ತದೆಯೇ ಎಂಬ ಬಗ್ಗೆ ಎಡಪಕ್ಷಗಳೊಳಗೇ ದಶಕಗಳ ಜಗಳವಿದೆ. ಆ ಜಗಳ ಮಾಡುವವರಿಗೆ ನನ್ನ ಆಕ್ಷೇಪವಿಲ್ಲ, ಏಕೆಂದರೆ ಅವರಿಗೆ ತಾವು ಯಾವ ವಸ್ತುವಿನ ಬಗ್ಗೆ ಜಗಳವಾಡುತ್ತಿದ್ದೇವೆಂದು ಗೊತ್ತು. ಆಕ್ಷೇಪ ಇರುವುದು ಆ ವರ್ಗದ ಹೆಸರನ್ನು ಹಿಂದಕ್ಕೆ ಹೊತ್ತೊಯ್ದು 1760ರ ಕೋಳಿ ತರುವವನ ಮೇಲೆ, ಮುಂದಕ್ಕೆ ತಂದು ಇಂಗ್ಲಿಷ್ ಕಾದಂಬರಿಕಾರರ ಮೇಲೆ ಹೊರಿಸುವವರ ಬಗ್ಗೆ.

ಕಂಪ್ರಡೋರ್ ಪದ್ಧತಿಯನ್ನು ಇಲ್ಲವಾಗಿಸಿದ್ದು ಬರಿಯ ಬೈಗುಳವಲ್ಲ. ಜಪಾನಿನ ಮಿತ್ಸುಯಿ ಸಂಸ್ಥೆ ಸುಮಾರು 1900ರ ಹೊತ್ತಿಗೆ ತನ್ನ ಹುಡುಗರಿಗೇ ಚೀನೀ ಭಾಷೆ ಕಲಿಸಿ ಕಂಪ್ರಡೋರರನ್ನು ಮನೆಗೆ ಕಳಿಸತೊಡಗಿತು. ಭಾಷೆ ಕಲಿತವನಿಗೆ ಜಾಮೀನುದಾರನ ಕೋಣೆ ದಂಡದ ಖರ್ಚಾಗಿ ಕಂಡಿತು.

ಇನ್ನು ಮಾವೋನ ವಿಷಯ. ಹಳ್ಳಿಯಲ್ಲಿದ್ದಾಗ, ರಾತ್ರಿ ದೀಪದ ಬೆಳಕು ಅಪ್ಪನಿಗೆ ಕಾಣದಿರಲೆಂದು ಕೋಣೆಯ ಕಿಟಕಿ ಮುಚ್ಚಿಕೊಂಡು ತಾನು ಓದುತ್ತಿದ್ದ ಒಂದು ಪುಸ್ತಕವನ್ನು ಅವನು ದೊಡ್ಡವನಾದ ಮೇಲೂ ನೆನೆದಿದ್ದಾನೆ. ಚೀನಾಕ್ಕೆ ರೈಲು, ಟೆಲಿಗ್ರಾಫ್, ಉಗಿಹಡಗು ಬೇಕೆಂದು ವಾದಿಸುವ ಆ ಪುಸ್ತಕವನ್ನು ಬರೆದವನು ಸ್ವೈರ್ ಸಂಸ್ಥೆಯ ಮಾಜಿ ಕಂಪ್ರಡೋರ್ ಜೆಂಗ್ ಗ್ವಾನ್‌ಯಿಂಗ್.