ಎತ್ತಿನ ಹೊಟ್ಟೆಯ ಮೇಲೆ ಹೂಕೋಸು: ಪೆನ್ಸಿಲ್ ಚಿತ್ರಕ್ಕೆ ಜಲವರ್ಣ ಹಚ್ಚುವಾಗ

ನಾಲ್ಕನೆಯ ಹಾಳೆ ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದೆ. ಮೊದಲ ಮೂರು ಮಂಚದ ಕೆಳಗೆ ಸೇರಿವೆ. ಅರೆ ಒಣಗಿದ ಬಣ್ಣವನ್ನು ಮುಟ್ಟಿ ಕೆಡಿಸುವುದು ನನ್ನ ಹಳೆಯ ಚಾಳಿ. ಕೈಗೆ ಬೇರೆ ಕೆಲಸ ಕೊಡಬೇಕೆಂದು ಈ ಟಿಪ್ಪಣಿ ಬರೆಯಲು ಕುಳಿತಿದ್ದೇನೆ.

ಡ್ರಾಯಿಂಗ್ ಹೈಯರ್ ಗ್ರೇಡ್ ಪರೀಕ್ಷೆಯ ಕಾಲದಿಂದಲೂ ಪೆನ್ಸಿಲ್ ನನ್ನ ಮಾತು ಕೇಳುತ್ತದೆ. ಚಿತ್ರದುರ್ಗದ ಕಡೆಯ ಕಾವಲೊಂದರಲ್ಲಿ, ಅಂದರೆ ದನ ಮೇಯುವ ಹುಲ್ಲುಗಾವಲಿನಲ್ಲಿ, ಅಮೃತಮಹಲ್ ತಳಿಯ ಎತ್ತನ್ನು ನಿಂತಲ್ಲೇ ಬರೆದುಕೊಂಡು ಬಂದಿದ್ದೆ. ಹಿಂದಕ್ಕೆ ಬಾಗಿ ಮೇಲೇಳುವ ಉದ್ದನೆಯ ಕೋಡು, ಹಿಣಿಲು, ಇಳಿಬಿದ್ದ ಗಂಗೆದೊಗಲು, ಎಲ್ಲವೂ ಸರಿಯಾಗಿ ಬಂದಿದ್ದವು. ಇದಕ್ಕೆ ಬಣ್ಣ ಹಚ್ಚಿದರೆ ಮುಗಿಯಿತು ಎಂದುಕೊಂಡು ದಾವಣಗೆರೆಯ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕುಂಚ ಹಿಡಿದೆ. ಸಂಜೆಯ ಹೊತ್ತಿಗೆ ಎತ್ತು ಕೆಸರಿನಲ್ಲಿ ಹೊರಳಿ ಎದ್ದಂತೆ ಕಾಣುತ್ತಿತ್ತು.

ಪೆನ್ಸಿಲ್ ಎಷ್ಟು ಬೇಕು

ಗೆರೆ ಮಾತ್ರ ಸಾಕು, ಶೇಡಿಂಗ್ ಬೇಡ. ಪೆನ್ಸಿಲ್ಲಿನ ಪುಡಿ ಬಣ್ಣದ ನೀರಿನೊಂದಿಗೆ ಬೆರೆತರೆ ತಿಳಿ ಬಣ್ಣಗಳೆಲ್ಲ ರಾಡಿಯಾಗುತ್ತವೆ. ಅದರ ಮೇಲೆ ಬಣ್ಣ ಒಣಗಿತೆಂದರೆ, ಬಣ್ಣದಲ್ಲಿರುವ ಅಂಟು ಗೆರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ರಬ್ಬರ್ ತಿಕ್ಕಿದರೂ ಹೋಗುವುದಿಲ್ಲ. ಶೇಡಿಂಗ್ ಮಾಡಿದ ಮೂಲ ಚಿತ್ರ ಪಕ್ಕದಲ್ಲಿರಲಿ, ನೆರಳು ಎಲ್ಲಿದೆ ಎಂದು ನೋಡಿಕೊಳ್ಳಲು ಅದು ಬೇಕು. ಟ್ರೇಸಿಂಗ್ ಹಾಳೆಯಲ್ಲಿ ಹೊರಗೆರೆ ತೆಗೆದು, ಹಿಂಬದಿಗೆ ಪೆನ್ಸಿಲ್ ಉಜ್ಜಿ, ಹೊಸ ಹಾಳೆಯ ಮೇಲಿಟ್ಟು ಗೆರೆಯ ಮೇಲೆ ಮತ್ತೆ ಬರೆದರೆ ಚಿತ್ರ ಇಳಿಯುತ್ತದೆ. ಎಚ್‌ಬಿ ಪೆನ್ಸಿಲ್, ಹಗುರ ಕೈ. ಗಟ್ಟಿ ಪೆನ್ಸಿಲ್ ಒತ್ತಿದರೆ ಕಾಗದದಲ್ಲಿ ಸಣ್ಣ ಕಾಲುವೆಯಾಗಿ ಬಣ್ಣ ಅಲ್ಲಿ ಹೋಗಿ ಕೂರುತ್ತದೆ. ರಬ್ಬರನ್ನು ಜೋರಾಗಿ ತಿಕ್ಕಿದ ಜಾಗ ಬಣ್ಣವನ್ನು ಕಲೆಕಲೆಯಾಗಿ ಹೀರುತ್ತದೆ. ಕಾಗದ 300 ಜಿಎಸ್‌ಎಂನದ್ದಿರಲಿ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಹಾಳೆ. ತೆಳು ಡ್ರಾಯಿಂಗ್ ಶೀಟು ನೀರು ಬಿದ್ದ ಕೂಡಲೇ ಹಪ್ಪಳದಂತೆ ಏಳುತ್ತದೆ.

ಬೂದು ಬಣ್ಣ

ಮೈಸೂರು ಅರಮನೆಯ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಅಮೃತಮಹಲ್ ಎಂದು ಬದಲಾಯಿಸಿದವನು ಟಿಪ್ಪು. ಹೆಸರು ಬೆಣ್ಣೆಯದಾದರೂ ಮೈ ಬೂದಿಯ ಬಣ್ಣದ್ದು. ಆ ಬೂದಿಗೆ ಕಪ್ಪು ಟ್ಯೂಬ್ ಹಿಂಡಬೇಡಿ, ಸತ್ತ ಬಣ್ಣ ಬರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಎಂಬ ಕೆಂಗಂದು ಬಣ್ಣ ಸೇರಿಸಿ. ನೀಲಿ ಹೆಚ್ಚಾದರೆ ತಣ್ಣನೆಯ ಬೂದು, ಅದು ನೆರಳಿಗೆ. ಸಿಯೆನಾ ಹೆಚ್ಚಾದರೆ ಬೆಚ್ಚನೆಯ ಬೂದು, ಬಿಸಿಲು ಬಿದ್ದ ಪಕ್ಕೆಗೆ. ಒಣಗಿದ ಮೇಲೆ ಬಣ್ಣ ಒಂದು ಮಟ್ಟ ತಿಳಿಯಾಗುತ್ತದೆ, ಹಾಗಾಗಿ ತಟ್ಟೆಯಲ್ಲಿ ತುಸು ಗಾಢವಾಗಿಯೇ ಕಲಸಿ. ಗಂಗೆದೊಗಲಿನ ಬಿಳಿ ಮಚ್ಚೆ ಕಾಗದದ ಬಿಳಿಯೇ, ಅಲ್ಲಿಗೆ ಕುಂಚ ಹೋಗಕೂಡದು. ಬಣ್ಣ ತಾಗದಂತೆ ತಡೆದು ಆಮೇಲೆ ಕಿತ್ತು ತೆಗೆಯುವ ಮಾಸ್ಕಿಂಗ್ ದ್ರವ ಹಚ್ಚಿ ಕಾಪಾಡಬಹುದು, ಆದರೆ ಹಾಳೆಯನ್ನು ಬಿಸಿಲಿಗೆ ಇಡಬೇಡಿ. ಎರಡನೆಯ ಹಾಳೆಯನ್ನು ನಾನು ಇಟ್ಟೆ. ಕಾದು ಅಂಟಿಕೊಂಡ ದ್ರವ ಕೀಳುವಾಗ ಕಾಗದದ ಸಿಪ್ಪೆಯನ್ನೂ ಎಬ್ಬಿಸಿಕೊಂಡು ಬಂತು.

ಹದ

ನಾನು ಮುಗ್ಗರಿಸಿದ್ದು ಇಲ್ಲಿ. ಉಳಿದದ್ದನ್ನೆಲ್ಲ ಮರೆತರೂ ಇದೊಂದು ನೆನಪಿರಲಿ ಎಂದು ಉದ್ದಕ್ಕೆ ಬರೆಯುತ್ತಿದ್ದೇನೆ.

ಪ್ರಾಣಿಯ ಮೈ ದುಂಡಗಿದೆ, ಹೊಟ್ಟೆಯ ಬಿಸಿಲು ಎಲ್ಲಿ ಮುಗಿದು ನೆರಳು ಎಲ್ಲಿ ಶುರುವಾಯಿತೆಂದು ತೋರಿಸುವ ಗೆರೆ ಅಲ್ಲಿಲ್ಲ. ಪೆನ್ಸಿಲ್‌ನಲ್ಲಿ ಆ ಕೆಲಸವನ್ನು ಬೆರಳಿನಿಂದ ಸವರಿ ಮಾಡುತ್ತಿದ್ದೆ. ಜಲವರ್ಣದಲ್ಲಿ ಅದನ್ನು ಒದ್ದೆ ಕಾಗದವೇ ಮಾಡಬೇಕು: ಮೊದಲ ಬಣ್ಣ ಹಸಿಯಿರುವಾಗಲೇ ನೆರಳಿನ ಬಣ್ಣ ಮುಟ್ಟಿಸಿದರೆ ಅಂಚು ತಾನಾಗಿ ಕರಗುತ್ತದೆ. ಹಸಿಯ ಮೇಲೆ ಹಸಿ ಎಂದು ಮೇಷ್ಟ್ರು ಹೇಳಿದ್ದನ್ನು ನಾನು ಎಷ್ಟು ನೀರಿದ್ದರೆ ಅಷ್ಟು ಒಳ್ಳೆಯದು ಎಂದು ಅರ್ಥ ಮಾಡಿಕೊಂಡಿದ್ದೆ. ನೆರಳು ಹಚ್ಚಿ ಎರಡು ನಿಮಿಷವಾಗಿತ್ತು, ಸ್ವಲ್ಪ ತಿಳಿಯಾಯಿತಲ್ಲ ಎಂದು ಕುಂಚ ತೊಳೆದು ಮತ್ತೊಂದು ಸಲ ಮುಟ್ಟಿದೆ. ಎತ್ತಿನ ಹೊಟ್ಟೆಯ ನಡುವೆ ಹೂಕೋಸು ಅರಳಿತು. ಮಧ್ಯ ಬೆಳ್ಳಗೆ, ಸುತ್ತ ಗಾಢವಾದ ಗರಗಸದಂಥ ಅಂಚು. ಅದನ್ನು ಸರಿಪಡಿಸಲು ಹೋಗಿ ಪಕ್ಕದಲ್ಲಿ ಇನ್ನೊಂದು.

ಅದೇಕೆ ಹಾಗಾಗುತ್ತದೆ ಎಂದು ಹೊಳೆದದ್ದು ಭದ್ರಾ ನಾಲೆಯ ಗದ್ದೆ ನೆನಪಾದಾಗ. ನೀರು ತುಂಬಿದ ಮಡಿಯಿಂದ ಆರಿದ ಮಡಿಗೆ ಬದು ಒಡೆದರೆ ನೀರು ನುಗ್ಗುತ್ತದೆ, ಹೋಗುವಾಗ ಮಣ್ಣನ್ನು ತಳ್ಳಿಕೊಂಡು ಹೋಗಿ ನಿಂತಲ್ಲಿ ಗುಡ್ಡೆ ಹಾಕುತ್ತದೆ. ಅರೆ ಒಣಗಿದ ಕಾಗದ ಆರಿದ ಮಡಿ, ನನ್ನ ಕುಂಚ ತುಂಬಿದ ಮಡಿ. ಕುಂಚದ ನೀರು ಹರಡುತ್ತಾ ಕಾಗದದ ಮೇಲಿದ್ದ ಬಣ್ಣದ ಕಣಗಳನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಬಿಡುತ್ತದೆ. ಆದ್ದರಿಂದ ಕೇಳಿಕೊಳ್ಳಬೇಕಾದದ್ದು ಕಾಗದ ಹಸಿಯಿದೆಯೇ ಎಂದಲ್ಲ, ಕಾಗದ ಮತ್ತು ಕುಂಚ ಎರಡರಲ್ಲಿ ಯಾವುದು ಹೆಚ್ಚು ಹಸಿಯಿದೆ ಎಂದು. ಕಾಗದ ಹಸಿಯಿರುವಷ್ಟು ಹೊತ್ತೂ ಕುಂಚದಲ್ಲಿ ಅದಕ್ಕಿಂತ ಕಡಿಮೆ ನೀರಿರಬೇಕು. ಕಾಗದ ಪೂರ್ತಿ ಒಣಗಿದ್ದರೆ ಈ ಲೆಕ್ಕವೇ ಬೇಡ.

ಹಳ್ಳಿಯಲ್ಲಿ ಅಜ್ಜಿ ಅಂಗಳ ಸಾರಿಸಿದ ಕೂಡಲೇ ರಂಗೋಲಿ ಎಳೆಯುತ್ತಿರಲಿಲ್ಲ. ನೆಲದ ಮೇಲಿನ ನೀರಿನ ಮಿಣುಕು ಹೋಗಲಿ ಎಂದು ಕಾಯುತ್ತಿದ್ದಳು. ಬೇಗ ಹಾಕಿದರೆ ಎಳೆ ಕದಡುತ್ತದೆ, ತಡವಾದರೆ ಪುಡಿ ನೆಲ ಹಿಡಿಯದೆ ಗಾಳಿಗೆ ಹಾರುತ್ತದೆ. ಅವಳು ನೋಡುತ್ತಿದ್ದದ್ದು ನೀರನ್ನಲ್ಲ, ಹೊಳಪನ್ನು. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದರೆ ನಮಗೂ ಕಾಣುತ್ತದೆ. ನೀರು ಕೆರೆಯಂತೆ ನಿಂತಿದ್ದರೆ ಬಣ್ಣ ಹೇಳಿದಲ್ಲಿ ನಿಲ್ಲುವುದಿಲ್ಲ, ಕಾಯಿರಿ. ಕೆರೆ ಇಂಗಿ ಮೇಲ್ಮೈ ಕನ್ನಡಿಯಂತೆ ಒಂದೇ ಸಮನೆ ಹೊಳೆಯುತ್ತಿದ್ದರೆ ಅದೇ ಹದ. ಹೊಟ್ಟೆಯ ನೆರಳು, ಹಿಣಿಲಿನ ಬುಡ, ತೊಡೆಯ ಒಳಭಾಗ ಎಲ್ಲವನ್ನೂ ಆಗಲೇ ಮುಗಿಸಬೇಕು. ಹೊಳಪು ಹೋಗಿ ಕಾಗದ ಮಂಕಾದರೆ ಕೈ ಹಿಂದಕ್ಕೆ. ಒಣಗಿದೆ ಎಂದು ಕಣ್ಣು ಹೇಳುತ್ತದೆ, ಆದರೆ ಒಳಗೆ ನೀರಿದೆ, ಹೂಕೋಸು ಅರಳುವುದು ಆಗಲೇ.

ಮಂಕಾದದ್ದು ಒಣಗಿದೆಯೋ ಇಲ್ಲವೋ ತಿಳಿಯಲು ನನ್ನ ಮೆಚ್ಚಿನ ಉಪಾಯ ಒಂದಿದೆ. ಬೆರಳಿನ ಹಿಂಭಾಗವನ್ನು ಕಾಗದಕ್ಕೆ ಸೋಕಿಸಿ. ತಣ್ಣಗಿದ್ದರೆ ಇನ್ನೂ ನೀರು ಆರುತ್ತಿದೆ ಎಂದರ್ಥ, ಮಣ್ಣಿನ ಹೂಜಿ ತಣ್ಣಗಿರುವ ಕಾರಣವೇ ಇದಕ್ಕೂ. ಬೆರಳ ತುದಿ ಬೇಡ, ಅದರ ಜಿಡ್ಡು ಕಾಗದಕ್ಕೆ ಹತ್ತುತ್ತದೆ. ಬಣ್ಣದ ಮೇಲೆ ಸೋಕಿಸಲು ಭಯವಾದರೆ ಹಾಳೆಯ ಹಿಂಬದಿಗೆ ಸೋಕಿಸಿ.

ನಮ್ಮ ಊರಿನ ಬೇಸಿಗೆಯಲ್ಲಿ ಹದ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಒಂದು ತುಂಡು ಕಾಗದದಲ್ಲಿ ಆರು ಮನೆ ಹಾಕಿ, ಎಲ್ಲಕ್ಕೂ ಒಟ್ಟಿಗೆ ತಿಳಿ ಬೂದು ಹಚ್ಚಿ, ನಿಮಿಷಕ್ಕೊಂದರಂತೆ ಒಂದೊಂದು ಮನೆಗೆ ಒಂದು ಹನಿ ನೀರು ಬಿಟ್ಟು ನೋಡಿದೆ. ಫ್ಯಾನ್ ಆರಿಸಿದ್ದಾಗ ಐದನೆಯ ಮನೆಯಲ್ಲಿ ಹೂಕೋಸು, ಫ್ಯಾನ್ ತಿರುಗುತ್ತಿದ್ದಾಗ ಎರಡನೆಯದರಲ್ಲೇ. ಇದು ನನ್ನ ಕೋಣೆಯ, ನನ್ನ ಕಾಗದದ ಲೆಕ್ಕ. ನಿಮ್ಮದನ್ನು ನೀವೇ ತೆಗೆಯಬೇಕು. ಅಂದಿನಿಂದ ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಹಾಳೆಯ ಹಿಂಬದಿಯನ್ನೂ ತೋಯಿಸಿ ಹಲಗೆಗೆ ಅಂಟಿಸಿದರೆ ಹೊಳಪು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಬೆವರುವುದು ನಮ್ಮ ಪಾಲು.

ಎಮ್ಮೆ, ಕೂದಲು, ಕಣ್ಣು

ಎಮ್ಮೆ ಎತ್ತಿಗಿಂತ ಸುಲಭ, ನಂಬಿ. ನೀರಿನಿಂದ ಎದ್ದ ಎಮ್ಮೆಯ ಬೆನ್ನು ಕಪ್ಪಲ್ಲ, ಆಕಾಶದ ನೀಲಿ. ಮೊದಲು ಇಡೀ ಮೈಗೆ ತಿಳಿ ನೀಲಿ, ಒಣಗಿದ ಮೇಲೆ ಬೆನ್ನು ಬಿಟ್ಟು ಉಳಿದೆಡೆ ಅದೇ ಎರಡು ಬಣ್ಣದ ದಪ್ಪ ಮಿಶ್ರಣ.

ಎತ್ತಿನ ಕೂದಲು ಗಿಡ್ಡ, ಒಂದೊಂದಾಗಿ ಬರೆಯಬೇಡಿ. ಬಾಲದ ಕುಚ್ಚು, ಕಿವಿಯ ಒಳಗು, ಹಿಣಿಲಿನ ಏಣು, ಇಷ್ಟರಲ್ಲಿ ಒಣ ಕುಂಚ (ನೀರು ಹಿಂಡಿ ಬಣ್ಣ ಹಿಡಿದದ್ದು) ಎಳೆದರೆ ಉಳಿದ ಕೂದಲನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಮೊಲಕ್ಕಾದರೆ ಬೇರೆ ಮಾತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1502ರಲ್ಲಿ ಬರೆದ ಮೊಲದ ಮೈಮೇಲೆ ಕೂದಲು ಎಳೆ ಎಳೆಯಾಗಿ ಕಾಣುತ್ತದೆ. ಅದಕ್ಕೆ ಆತ ಪಾರದರ್ಶಕ ಬಣ್ಣದ ಜತೆ ಅಪಾರದರ್ಶಕ ಬಣ್ಣವನ್ನೂ ಬಳಸಿದ್ದ. ಅದೇ ಮೊಲದ ಕಣ್ಣಿನಲ್ಲಿ ಕಿಟಕಿಯೊಂದರ ಬಿಂಬವಿದೆ. ನಮ್ಮ ಎತ್ತಿಗೆ ಕಿಟಕಿ ಬೇಡ, ಸಾಸಿವೆಯಷ್ಟು ಬಿಳಿ ಬಿಟ್ಟರೆ ಸಾಕು. ನಾನು ಮೂರು ಸಲವೂ ಬಿಡಲು ಮರೆತೆ.

ಕೋಡು ಕೊನೆಗೆ, ಪೂರ್ತಿ ಒಣಗಿದ ಕಾಗದದ ಮೇಲೆ. ಅದರ ಅಂಚು ಚೂಪಾಗಿಯೇ ಇರಬೇಕು, ಕರಗಬಾರದು. ಹಾಳೆಯನ್ನು ತಲೆಕೆಳಗು ಮಾಡಿಕೊಂಡು ಬುಡದಿಂದ ತುದಿಗೆ ಒಂದೇ ಎಳೆತ. ತುದಿಯ ಕಪ್ಪನ್ನು ಆಮೇಲೆ ಮುಟ್ಟಿಸಿದರಾಯಿತು.

ಈಗ ತಾನೇ ಕಟ್ಟೆಯ ಹತ್ತಿರ ಹೋಗಿ ಬೆರಳು ಸೋಕಿಸಿ ಬಂದೆ. ಮೇಲೆ ಒಣಗಿದಂತಿದೆ, ಹಿಂಬದಿ ಇನ್ನೂ ತಣ್ಣಗಿದೆ.