ಎರಡು ಮೀಟರ್ ಆಚೆಯ ಗೋಡೆ: ಆಕ್ಟೇವ್‌ನಲ್ಲಿ ಬೆಳಕಿನ ವಿವರ್ತನೆ

ಪುಣೆಯ ತಪಕೀರ ಗಲ್ಲಿಯಿಂದ ತಂದ ಕೆಂಪು ಲೇಸರ್ ಪಾಯಿಂಟರ್, ಎರಡು ಬ್ಲೇಡು ಅಂಟಿಸಿ ಮಾಡಿದ ಸೀಳುಗಂಡಿ, ಎರಡು ಮೀಟರ್ ಆಚೆ ರೂಮಿನ ಗೋಡೆ. ನಮ್ಮ ಪ್ರಯೋಗ ಇಷ್ಟೇ. ಸಣ್ಣ ಗಂಡಿ ದಾಟಿದ ಬೆಳಕು ಹರಡಿ, ಗೋಡೆಯ ಮೇಲೆ ಬೆಳಕಿನ ಪಟ್ಟಿ, ಕಪ್ಪು ಪಟ್ಟಿಗಳಾಗಿ ಬೀಳುತ್ತದೆ. ವಿವರ್ತನೆ ಅಂದರೆ ಇದೇ. ತರಂಗಾಂತರ 650 ನ್ಯಾನೋಮೀಟರ್, ಗಂಡಿಯ ಅಗಲ ಸುಮಾರು 0.1 ಮಿ.ಮೀ. ತರಂಗಾಂತರವನ್ನು ದೂರದಿಂದ ಗುಣಿಸಿ, ಗಂಡಿಯ ಅಗಲದಿಂದ ಭಾಗಿಸಿ. 13 ಮಿ.ಮೀ. ಬರುತ್ತದೆ. ನಡುವಿನಿಂದ ಮೊದಲ ಕಪ್ಪು ಪಟ್ಟಿಗೆ ಇರುವ ದೂರ ಅದು. ಗೋಡೆಯ ಮೇಲೂ ಹೆಚ್ಚುಕಮ್ಮಿ ಅಲ್ಲೇ ಬಿತ್ತು.

ಇದನ್ನೇ ಆಕ್ಟೇವ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮಾಡಿದೆ. ಧಾರವಾಡದ ರೂಮ್‌ಮೇಟ್ ಇಣುಕಿ ನೋಡಿ, "ಚಿತ್ರ ಚೊಲೋ ಐತಿ, ಆದ್ರ ಗೋಡಿ ಮ್ಯಾಲಿಂದು ಇದಲ್ಲಲೇ" ಎಂದ.

ವಿಧಾನ ಹೀಗಿದೆ. ಗಂಡಿ ದಾಟಿದ ಬೆಳಕನ್ನು ಎಫ್‌ಎಫ್‌ಟಿ (ಫಾಸ್ಟ್ ಫೋರಿಯರ್ ಟ್ರಾನ್ಸ್‌ಫಾರ್ಮ್ ಎಂಬ ಲೆಕ್ಕ) ಹಾಕಿ ಬೇರೆ ಬೇರೆ ಓರೆಯ ಅಲೆಗಳಾಗಿ ಬಿಡಿಸಬೇಕು. ಒಂದೊಂದು ಅಲೆಯ ಫೇಸ್, ಅಂದರೆ ಏರಿಳಿತದ ಹಂತ, ಅಷ್ಟು ದೂರದಲ್ಲಿ ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಬೇಕು. ಆಮೇಲೆ ವಿಲೋಮ ಎಫ್‌ಎಫ್‌ಟಿ ಹಾಕಿ ಅಲೆಗಳನ್ನು ಮತ್ತೆ ಕೂಡಿಸಬೇಕು. ಸೂತ್ರ ಸರಿಯಾಗೇ ಇತ್ತು. ಎಡವಿದ್ದು ಗ್ರಿಡ್‌ನಲ್ಲಿ, ಅಂದರೆ ಚಿತ್ರವನ್ನು ಮನೆ ಮನೆಯಾಗಿ ಹಂಚಿದ ಚೌಕಟ್ಟಿನಲ್ಲಿ. ಒಂದು ಬದಿಗೆ 1024 ಮನೆ, ಒಂದು ಮನೆ 10 ಮೈಕ್ರೋಮೀಟರ್. ಅಂದರೆ ಇಡೀ ಕಿಟಕಿ 10.24 ಮಿ.ಮೀ. ಮಾತ್ರ. ಕಪ್ಪು ಪಟ್ಟಿ ಬೀಳಬೇಕಾದ ಜಾಗವೇ ಕಿಟಕಿಯ ಹೊರಗೆ! ಎಫ್‌ಎಫ್‌ಟಿಗೆ ಹೊರಗೆ ಅನ್ನೋದೇ ಇಲ್ಲ. ಅದರ ಪಾಲಿಗೆ ಚಿತ್ರ ಸೀರೆಯ ಅಂಚಿನ ಹಾಗೆ ಮತ್ತೆ ಮತ್ತೆ ಬರುತ್ತದೆ. ಬಲಕ್ಕೆ ಹೋದ ಬೆಳಕು ಎಡದಿಂದ ಒಳಬಂದು, ಒಂದರ ಮೇಲೊಂದು ಬಿದ್ದು, ಇಲ್ಲದ ಪಟ್ಟಿಗಳನ್ನು ಹುಟ್ಟಿಸುತ್ತದೆ. ಎರರ್ ಮೆಸೇಜ್ ಬರಲ್ಲ, ಅದೇ ಕಷ್ಟ.

ಎಷ್ಟು ದೂರದವರೆಗೆ ನಂಬಬಹುದು? ಮನೆಗಳ ಸಂಖ್ಯೆಯನ್ನು ಒಂದು ಮನೆಯ ಅಳತೆಯ ವರ್ಗದಿಂದ ಗುಣಿಸಿ, ತರಂಗಾಂತರದಿಂದ ಭಾಗಿಸಿ. ನನ್ನ ಗ್ರಿಡ್‌ಗೆ ಸುಮಾರು 15.8 ಸೆಂ.ಮೀ. ನಾನು ಕೇಳಿದ್ದು ಎರಡು ಮೀಟರ್!

ದೂರದ ಗೋಡೆಗೆ ಗಂಡಿಯ ಚಿತ್ರಕ್ಕೆ ಒಂದೇ ಎಫ್‌ಎಫ್‌ಟಿ ಹಾಕಿದರೆ ಸಾಕು. ಅದಕ್ಕೊಂದು ಷರತ್ತಿದೆ. ಗಂಡಿಯ ಅರ್ಧ ಅಗಲದ ವರ್ಗವನ್ನು ತರಂಗಾಂತರ ಮತ್ತು ದೂರದ ಗುಣಲಬ್ಧದಿಂದ ಭಾಗಿಸಿದರೆ ಒಂದಕ್ಕಿಂತ ತುಂಬಾ ಚಿಕ್ಕದಿರಬೇಕು. ಇಲ್ಲಿ 0.002, ಚಿಂತೆಯಿಲ್ಲ. ಆಗ ಒಂದು ಮನೆ ಗೋಡೆಯ ಮೇಲೆ 0.127 ಮಿ.ಮೀ. ಆಗುತ್ತದೆ, ಕಪ್ಪು ಪಟ್ಟಿ ನಡುವಿನಿಂದ 102ನೇ ಮನೆಯ ಹತ್ತಿರ. ಉತ್ತರವನ್ನು ನಡುವಿಗೆ ಸರಿಸುವ ಎಫ್‌ಎಫ್‌ಟಿ ಶಿಫ್ಟ್ ಮರೆತರೆ ನಡುವಿನ ಬೆಳಕು ನಾಲ್ಕು ಮೂಲೆಗೆ ಓಡುತ್ತದೆ. ನನಗೆ ಎರಡು ಸಲ ಓಡಿದೆ.

ಮೊದಲ ವಿಧಾನವನ್ನು ಎಸೆಯಬೇಡಿ. ದೂರ 15 ಸೆಂ.ಮೀ. ಇಟ್ಟು, ಗಂಡಿಯ ಬದಲು 2 ಮಿ.ಮೀ. ವ್ಯಾಸದ ದುಂಡು ತಡೆ ಹಾಕಿ. ಬೆಳಕು ಅಲೆ ಎಂದು ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಹೇಳಿದ್ದು ನಿಜವಾದರೆ ದುಂಡು ನೆರಳಿನ ನಟ್ಟನಡುವೆ ಬೆಳಕು ಬರಬೇಕಾಗುತ್ತದೆ, ಅದು ಹೇಗೆ ಸಾಧ್ಯ ಅಂತ ಗಣಿತಜ್ಞ ಪ್ವಾಸೋನ್ (Poisson) ತಕರಾರು ತೆಗೆದಿದ್ದರು. ಇನ್ನೊಬ್ಬ ವಿಜ್ಞಾನಿ ಅರಾಗೋ ಮಾಡಿ ನೋಡಿದರು, ಚುಕ್ಕಿ ಇತ್ತು. ನಿಮ್ಮ ಪರದೆಯಲ್ಲೂ ಏಳೆಂಟು ಮನೆ ಅಗಲದ ಚುಕ್ಕಿ ಬಂದರೆ ಕೋಡ್ ಸರಿಯಿದೆ ಅನ್ನಬಹುದು. ಗೋಡೆಯ ಮೇಲೆ ಕಾಣಲು ಲೇಸರ್ ಕಿರಣವನ್ನು ಲೆನ್ಸ್ ಇಟ್ಟು ಅಗಲ ಮಾಡಬೇಕು. ತಡೆಗೆ ಸೈಕಲ್ ಬೇರಿಂಗಿನ ಗುಂಡು ಸಿಕ್ಕಿದೆ, ಲೆನ್ಸ್ ಇನ್ನೂ ಹುಡುಕುತ್ತಿದ್ದೇವೆ.